ಮೇಲಿನ ಗದ್ದೆಯ ನೀರು

ಗುಂಡಿ ತೋಡುವ ಚಿಕ್ಕಮಾದು ಬಕೆಟ್ಟಿನಲ್ಲಿ ಮೊಗೆದು ಚೆಲ್ಲಿದಷ್ಟೂ ಗುಂಡಿಗೆ ನೀರು ಬರುತ್ತಲೇ ಇತ್ತು. ದೊಡ್ಡಸಿದ್ದಯ್ಯನ ಹೆಣವನ್ನು ಕೂರಿಸಬೇಕಾದ ಗುಂಡಿ ಅದು. ಕಳಲೆ ಊರಿನ ತನ್ನ ಅರ್ಧ ಎಕರೆ ಗದ್ದೆಯ ಮೂಲೆಯಲ್ಲೇ ಮಣ್ಣು ಮಾಡಬೇಕೆಂದು ಅವನು ಹೆಂಡತಿ ಮಲ್ಲಾಜಮ್ಮನಿಂದ ಮಾತು ತೆಗೆದುಕೊಂಡಿದ್ದ.

ಮೇಲಿನ ಗದ್ದೆ ಬಸವೇಶನದು. ಅವನ ಬದುವಿನ ಬಾಯಿಂದ ನೀರು ಇಳಿದು ಬರುತ್ತಿತ್ತು. ಎರಡು ಸಲ ಮಣ್ಣು ಹಾಕಿ ಮುಚ್ಚಿದ್ದರು. ಎರಡು ಸಲವೂ ಅವನ ಆಳು ಬಂದು ಕಿತ್ತುಹಾಕಿದ್ದ. ಬಸವೇಶ ಮಾತ್ರ ನಂಜನಗೂಡಿನಿಂದ ದೊಡ್ಡ ಹಾರ ತಂದು ಹೆಣಕ್ಕೆ ಹಾಕಿ ನಿಂತಿದ್ದ. ನಾಚಿಕೆಗೆಟ್ಟ ಜನ್ಮ.

"ಸಂಜೆ ಗಂಟ ಮುಚ್ಚುಸಿ ಬುದ್ದಿ," ಎಂದ ಚಿಕ್ಕಮಾದು.

"ಅದೆಂಗ್ಲಾ ಆಯ್ತದೆ? ನಂದು ಶ್ರೀ ಪದ್ಧತಿ ಬತ್ತ. ಇವತ್ತು ಗದ್ದೆ ಆರ್ಲೇಬೇಕು. ಬೇಕಾದ್ರೆ ಊರ ರುದ್ರಭೂಮಿಗೆ ತಕೊಂಡೋಗಿ."

*

ಊರಲ್ಲಿ ಕಡಿಮೆ ನೀರಿನ ಆ ಶ್ರೀ ಪದ್ಧತಿಗೆ ಮೊದಲು ಕೈ ಹಾಕಿದವನು ದೊಡ್ಡಸಿದ್ದಯ್ಯನೇ, 2004ರಲ್ಲಿ. ಹನ್ನೆರಡು ದಿನದ ಎಳೆ ಪೈರು, ಗೇಣು ದೂರಕ್ಕೆ ಒಂದೊಂದೇ ಕಡ್ಡಿ. ನಾಟಿಯ ಹೆಂಗಸರು ನಕ್ಕು ಎದ್ದುಹೋದರು. ಗಂಡಹೆಂಡಿರಿಬ್ಬರೇ ಮೂರು ದಿನ ಬಗ್ಗಿ ನೆಟ್ಟರು.

"ನೀರು ನಿಲ್ಲಬಾರದು, ಗದ್ದೆ ಆರಿ ಆರಿ ನೆನೆಯಬೇಕು," ಎಂದಿದ್ದ ಜೀಪಿನಲ್ಲಿ ಬಂದ ಕೃಷಿ ಇಲಾಖೆಯ ಸಾಹೇಬ. ಮೇಲಿನವನು ಬಿಟ್ಟ ನೀರನ್ನು ಏನು ಮಾಡಬೇಕೆಂದು ಅವನು ಹೇಳಲಿಲ್ಲ. ನೀರು ಬೇರೆ ಕಡೆ ತಿರುಗಿಸಿ ಎಂದು ದೊಡ್ಡಸಿದ್ದಯ್ಯ ಬಸವೇಶನ ಜಗಲಿಗೆ ನಾಲ್ಕು ದಿನ ಅಲೆದ.

"ನಮ್ಮಜ್ಜನ ಕಾಲ್ದಿಂದ ಇಳೀತಿರೋ ನೀರು ಕಣಯ್ಯ," ಎಂದುಬಿಟ್ಟ ಬಸವೇಶ.

ಪೈರು ಕೊಳೆತು ನಾರಿತು. ಸಾಹೇಬ ಮೂಗು ಮುಚ್ಚಿಕೊಂಡು 'ರೈತನ ನಿರ್ಲಕ್ಷ್ಯ' ಎಂದು ಬರೆದುಕೊಂಡು ಹೋದ. ಮಾರನೆಯ ವರ್ಷ ಅದೇ ಪದ್ಧತಿ ಮಾಡಿ ಬಸವೇಶ ಶಾಲು ಹೊದಿಸಿಕೊಂಡ. ಅವನ ಗದ್ದೆ ಆರಿದಾಗಲೆಲ್ಲ ಕೆಳಗಿನದು ಮುಳುಗುತ್ತಿತ್ತು. ಊರಿಗೆ ಊರೇ ನೋಡಿತು, ಒಬ್ಬರೂ ತುಟಿ ಬಿಚ್ಚಲಿಲ್ಲ. ಥೂ, ಅದೂ ಒಂದು ಊರು.

*

"ಒತ್ತು ಮೀರ್ತಾ ಅದೆ," ಎಂದರು ಸಂಸ್ಕಾರ ಮಾಡಿಸಲು ಬಂದಿದ್ದ ಅಯ್ನೋರು. ನಾಲ್ಕು ಜನ ಹೆಣ ಎತ್ತಿ ರುದ್ರಭೂಮಿಯತ್ತ ತಿರುಗಿದರು.

"ಇಳುಸ್ರಪ್ಪಾ," ಎಂದಳು ಮಲ್ಲಾಜಮ್ಮ. ನೇರ ನಡೆದು ಹೋಗಿ ಬದುವಿನ ಬಾಯಲ್ಲಿ, ಹರಿಯುವ ನೀರಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಎರಡೂ ಪಕ್ಕ ಕೆಸರು ಬಾಚಿ ಮೆತ್ತಿಕೊಂಡಳು.

"ಏಳಮ್ಮೋ, ನನ್ ಪೈರು ಕೊಳ್ತೋಯ್ತದೆ!" ಬಸವೇಶ ಕೂಗಿದ. ಆಳು ಗುದ್ದಲಿ ಹಿಡಿದು ಬಂದ. ಅಂದೇ ಗಂಡನನ್ನು ಕಳಕೊಂಡವಳನ್ನು ಮುಟ್ಟಲು ಅವನಿಗೆ ಕೈ ಬರಲಿಲ್ಲ.

"ಮಣ್ಣಾಗೋಗಂಟ ನಾ ಏಳಕಿಲ್ಲ. ನೀ ನೀರು ಬಾಚ್ಲಾ ಮಾದು."

ಸ್ವಲ್ಪ ಹೊತ್ತಿಗೆ ಗುಂಡಿಯ ತಳ ಕಂಡಿತು. ದೊಡ್ಡಸಿದ್ದಯ್ಯನನ್ನು ಇಳಿಸಿ ಚಕ್ಕಳಮಕ್ಕಳ ಕೂರಿಸಿ, ಅಂಗೈಗೆ ಲಿಂಗ ಇಟ್ಟರು. ಮಲ್ಲಾಜಮ್ಮ ಎದ್ದು ಬಂದು ಮುಖ ನೋಡುವ ಹಾಗಿರಲಿಲ್ಲ. ಕೂತಲ್ಲಿಂದಲೇ ಒಂದು ಹಿಡಿ ಕೆಸರು ತೆಗೆದು ಗುಂಡಿಯ ಕಡೆಗೆ ಎಸೆದಳು. ಅವಳ ಬೆನ್ನಿಗೆ ಬಸವೇಶನ ಗದ್ದೆಯ ನೀರು ಏರುತ್ತಿತ್ತು.