ಬೀರುವಿಗೆ ಬಿದ್ದ ಹೊಸ ಬೀಗ

ಮಾರ್ಚ್ ಒಂಬತ್ತು, ಭಾನುವಾರ, ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೆ ಮೇಷ್ಟ್ರು ಊಟದ ಕೋಣೆಯ ಬೀರುವಿಗೆ ಹೊಸ ಬೀಗ ಜಡಿದರು. ಮೂವತ್ತೊಂದು ವರ್ಷ ಕಾಲೇಜಿನ ಲ್ಯಾಬಿನಲ್ಲಿ ಆಸಿಡ್ಡಿನ ಬಾಟಲಿ ಕಾದವರು. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವುದು ಅಭ್ಯಾಸ. ಜಗ್ಗಿದರು. ಭದ್ರವಾಗಿತ್ತು. ಆಮೇಲೆ ಜೇಬು ಮುಟ್ಟಿಕೊಂಡರು. ಖಾಲಿ. ಒತ್ತಿದರೆ ತಾನೇ ಕೂಡಿಕೊಳ್ಳುವ ಬೀಗ ಅದು. ಅದರ ಎರಡು ಕೀಲಿಗಳೂ ಒಳಗೆ, ಬೆಳ್ಳಿ ಚಮಚಗಳ ಪಕ್ಕದಲ್ಲಿ ತಣ್ಣಗೆ ಕೂತಿದ್ದವು. ಜೊತೆಗೆ ಮನೆಯ ತಟ್ಟೆ ಲೋಟಗಳೆಲ್ಲ.

ಯಾರೂ ಕರೆಯದವರನ್ನು ಭಾನುವಾರದ ಪ್ರಾರ್ಥನೆಯ ನಂತರ ಸರದಿಯಂತೆ ಒಂದೊಂದು ಮನೆಯವರು ಊಟಕ್ಕೆ ಕರೆಯುವುದು ಅವರ ಸಣ್ಣ ಚರ್ಚಿನ ರೂಢಿ. ಈ ವಾರದ ಅತಿಥಿ ಕೀಲಿಯಣ್ಣ. ಬೀಗ ರಿಪೇರಿಯವನು; ಯಾರದೋ ಮಾತು ಕೇಳಿ ತೆಗೆಯಬಾರದ ಬಾಗಿಲೊಂದನ್ನು ತೆಗೆದು, ಎರಡು ವರ್ಷ ಜೈಲಿನಲ್ಲಿದ್ದು ಬಂದಿದ್ದ. ಹೋದ ಎರಡು ಭಾನುವಾರವೂ ಉಣ್ಣದೆ ಎದ್ದು ಹೋಗಿದ್ದ. ಒಂದು ಮನೆಯಲ್ಲಿ ತಟ್ಟೆಯನ್ನು ಹೊರಬಾಗಿಲಲ್ಲೇ ಕೊಟ್ಟರಂತೆ. ಇನ್ನೊಂದರಲ್ಲಿ ಮನೆಯಾಕೆ ಬಡಿಸುವಾಗಲೂ ಕೈಚೀಲವನ್ನು ಕಂಕುಳಿಂದ ಇಳಿಸಲಿಲ್ಲವಂತೆ. "ಇನ್ನೊಂದ್ಸಲ ಹಾಗಾದ್ರೆ ಅವನು ನಮ್ಮ ಕಡೆ ತಲೆ ಹಾಕಲ್ಲ," ಎಂದು ಪಾಸ್ಟರ್ ಬೆಳಗ್ಗೆಯೇ ಹೇಳಿದ್ದರು.

"ಏನ್ರೀ, ತಟ್ಟೆ ತೆಗೀರಿ!" ಅಡುಗೆಮನೆಯಿಂದ ಹೆಂಡತಿ ಕೂಗಿದರು.

ಮೇಷ್ಟ್ರು ವಿಷಯ ಹೇಳಿದರು. ಹೆಂಡತಿ ಸೌಟು ಹಿಡಿದೇ ಬಂದರು.

"ಊರೇ ದೂರ ಇಟ್ಟ ಸುಂಕದವನ ಮನೇಲಿ ಕೂತು ಉಂಡ ಸ್ವಾಮಿಗೆ ಎಂಥಾ ಭಕ್ತರು ನೋಡಿ! ಚಮಚ ಬಚ್ಚಿಡೋ ಭಕ್ತರು."

"ಮುನ್ನೆಚ್ಚರಿಕೆ ಕಣೇ..."

"ಅವನೇನು ಆಸಿಡ್ಡಾ?"

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಕೀಲಿಯಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಕುರ್ಚಿಯಲ್ಲಿ ಕೂತವನ ಕಣ್ಣು ಹೋದದ್ದೇ ಬೀರುವಿನ ಕಡೆಗೆ.

"ಬೀಗ ಹೊಸದು," ಎಂದ. ಮೇಷ್ಟ್ರ ಕಡೆ ತಿರುಗಿ, "ನನಗೋಸ್ಕರಾನಾ ಸಾರ್?"

ಇಲಿ, ಜಿರಲೆ ಎಂದು ಎರಡು ಸುಳ್ಳುಗಳು ಮೇಷ್ಟ್ರ ನಾಲಿಗೆಯ ತುದಿಗೆ ಬಂದವು. ಅವನು ಆಗಲೇ ಕುರ್ಚಿ ಹಿಂದಕ್ಕೆ ತಳ್ಳುತ್ತಿದ್ದ.

"ಹೌದಪ್ಪ," ಎಂದರು. "ನಿನಗೋಸ್ಕರಾನೇ. ತಪ್ಪಾಯ್ತು. ಕೀಲಿನೂ ಒಳಗೇ ಬಿಟ್ಟು ಬೀಗ ಹಾಕ್ಬಿಟ್ಟಿದೀನಿ. ತಟ್ಟೆ ಲೋಟ ಎಲ್ಲಾ ಅಲ್ಲೇ. ಈಗ ಉಣ್ಣಕ್ಕೆ ನಮಗೂ ಗತಿಯಿಲ್ಲ."

ಕೀಲಿಯಣ್ಣ ಬೀಗ ನೋಡಿದ, ಮೇಷ್ಟ್ರನ್ನು ನೋಡಿದ. ಮೊದಲು ಅವನ ಭುಜ ಕುಲುಕಿತು. ಆಮೇಲೆ ಹೊಟ್ಟೆ ಹಿಡಿದು ನಕ್ಕ. "ಕಳ್ಳನ್ನ ಬಿಟ್ಟು ಮನೆಯೋರನ್ನ ಉಪವಾಸ ಕೆಡವಿದ ಬೀಗ ಇದೊಂದೇ ಸಾರ್!"

"ತೆಗೀತೀಯೇನಪ್ಪ?"

ನಗು ನಿಂತಿತು. "ಇಲ್ಲ. ಇನ್ನೊಬ್ಬರ ಬೀಗ ಮುಟ್ಟಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದೀನಿ."

"ಹಾಗಾದ್ರೆ ಮುಟ್ಬೇಡ," ಎಂದು ಹೆಂಡತಿ ಪಾತ್ರೆಗಳ ಮುಚ್ಚಳಗಳನ್ನು ತಂದು ಮಗುಚಿ ಮೇಜಿನ ಮೇಲೆ ಇಟ್ಟರು. ಎಲ್ಲಕ್ಕಿಂತ ದೊಡ್ಡದು ಅತಿಥಿಗೆ. ಮೇಷ್ಟ್ರ ಪಾಲಿನ ಮುಚ್ಚಳಕ್ಕೆ ಅಡಿಯಲ್ಲಿ ಹಿಡಿ ಇದ್ದುದರಿಂದ ಅದು ಬುಗುರಿಯಂತೆ ವಾಲಾಡಿ, ಕೋಳಿಯ ತುಂಡನ್ನು ಪ್ರತಿ ಸಲವೂ ಅತಿಥಿಯ ಕಡೆಗೇ ಉರುಳಿಸುತ್ತಿತ್ತು.

"ನಿಮ್ಮ ತಟ್ಟೆಗೂ ನನ್ನ ಮೇಲೆ ಪ್ರೀತಿ ಬಂದ್ಬಿಡ್ತು," ಎಂದ ಕೀಲಿಯಣ್ಣ. ಮೂರು ಸಲ ಬಡಿಸಿಕೊಂಡ.

"ಟೀಗೆ ಮಾತ್ರ ಲೋಟ ಬೇಕೇ ಬೇಕಪ್ಪ," ಎಂದರು ಹೆಂಡತಿ.

ಅವನು ಕೈ ತೊಳೆದು ಬಂದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬೀರುವಿನ ಮುಂದೆ ಮಂಡಿಯೂರಿದ. "ನಾನು ಮುಟ್ಟಲ್ಲ. ನಿಮ್ಮ ಬೀಗ, ನೀವು ಮುಟ್ಟಿ. ನಾನು ಹೇಳ್ತೀನಿ. ಅಕ್ಕಾ, ಎರಡು ಹೇರ್‌ಪಿನ್ ಕೊಡಿ."

ಮೇಷ್ಟ್ರು ಪಕ್ಕದಲ್ಲಿ ಕೂತರು. ಲಟಕ್ಕೆಂದಿತು.

"ತೆಗೀತಾ?" ಹೆಂಡತಿ ಕೇಳಿದರು.

"ಇಲ್ಲ ಕಣೇ, ಮಂಡಿ."

"ಒಂದನ್ನ ಒತ್ತಿ ಹಿಡೀರಿ, ಇನ್ನೊಂದನ್ನ ಮೆಲ್ಲಗೆ... ಮೆಲ್ಲಗೆ ಸಾರ್, ಬೀಗಕ್ಕೂ ಮರ್ಯಾದೆ ಇದೆ!" ಕೀಲಿಯಣ್ಣ ಮೇಷ್ಟ್ರ ಭುಜಕ್ಕೆ ಭುಜ ತಾಗಿಸಿ, ಬೀಗಕ್ಕೆ ಕಿವಿಗೊಟ್ಟ. ಅವನಿಗೆ ಇದು ಅರ್ಧ ನಿಮಿಷದ ಕೆಲಸವೆಂದು ಮೇಷ್ಟ್ರಿಗೆ ಗೊತ್ತಿತ್ತು. ಅವನು ಮಾತ್ರ ಆ ಬಗ್ಗೆ ಬಾಯಿ ಬಿಡಲಿಲ್ಲ. ಹೆಂಡತಿ ಗಡಿಯಾರ ನೋಡುತ್ತ ನಿಂತಿದ್ದರು.

ಮೇಷ್ಟ್ರಿಗೆ ಹಿಡಿದದ್ದು ಇಪ್ಪತ್ತಾರು ನಿಮಿಷ ನಲವತ್ತು ಸೆಕೆಂಡು.