ಹೊಳೆಯ ಎಡಗಡೆ

ಬೆಟ್ಟದ ಹೊಳೆ ಪಾತ್ರ ಬದಲಿಸುವುದು ಹೊಸದೇನಲ್ಲ. ಆದರೆ ಒಂದೇ ಮಳೆಗಾಲದಲ್ಲಿ ಎಡಗಡೆಯ ಮಡುವನ್ನು ಎತ್ತಿ ಬಲಗಡೆಗೆ ಇಟ್ಟ ಹೊಳೆಯನ್ನು ಆ ನಕ್ಷೆ ಕಚೇರಿಯಲ್ಲಿ ಯಾರೂ ಕಂಡಿರಲಿಲ್ಲ.

“ನೋಡಮ್ಮ, ಹೋದ ವರ್ಷದ್ದು ಇದು, ಈ ವರ್ಷದ್ದು ಇದು.” ಹೊಳೆಯನ್ನು ದಡದಿಂದ ದಡಕ್ಕೆ ಅಡ್ಡ ಕೊಯ್ದಂತೆ ಬರೆದ ಎರಡು ಹಾಳೆಗಳನ್ನು ಇಂಜಿನಿಯರು, ನಕ್ಷೆ ತಿದ್ದುವ ಅವಳ ಮೇಜಿನ ಮೇಲೆ ಹರಡಿದರು. “ಹೊಳೆ ಮಗ್ಗುಲು ಬದಲಾಯಿಸಿ ಮಲಗಿದೆ. ಇಂಥದ್ದನ್ನ ನಂಬಿ ಕಾಲುಸೇತುವೆ ಕಟ್ಟೋಕಾಗುತ್ತಾ? ಬೇಡ ಅಂತ ಬರೆದುಬಿಡ್ತೀನಿ.”

ಹೋದ ವರ್ಷದ್ದು ಅವಳ ಗಂಡ ಅಳೆದದ್ದು.

ನೀರು ಹೋಗುವ ಕಡೆ ಮುಖ ಮಾಡಿ ನಿಂತಾಗ ಎಡಗೈಗೆ ಸಿಗುವುದು ಎಡದಡ. ಅಳತೆಯವರ ಮೊದಲ ಪಾಠ ಇದು. ಅವನ ಕಾಲು ಮಾತ್ರ ತಾನಾಗಿ ನೀರು ಬರುವ ಕಡೆಗೆ ತಿರುಗಿ ನಿಲ್ಲುತ್ತಿತ್ತು. “ಬರೋರನ್ನ ಎದುರುಗೊಳ್ಳಬೇಕು ಕಣೇ. ಹೋಗೋರ ಬೆನ್ನು ಏನು ನೋಡೋದು?” ಸಂಜೆ ಅವಳು ಅವನ ಪಾರದರ್ಶಕ ಹಾಳೆಯನ್ನು ಮಗುಚಿ ಮಸಿಯಲ್ಲಿ ತಿದ್ದುತ್ತಿದ್ದಳು. “ಎಡ ಬಲ ಗೊತ್ತಿಲ್ಲದವನನ್ನ ಕಟ್ಕೊಂಡೆ.” “ಅದಕ್ಕೇ ತಾನೆ ನಾನು ನಿನ್ನ ಕಟ್ಕೊಂಡಿದ್ದು.”

ಅವನ ಕೊನೆಯ ಹಾಳೆ, ಈ ಹೊಳೆಯದು, ಬಂದಾಗ ಅವಳು ಕಚೇರಿಯಲ್ಲಿರಲಿಲ್ಲ, ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕದಲ್ಲಿದ್ದಳು; ಅವನು ಅಲ್ಲಿಂದ ಮನೆಗೆ ಬರಲಿಲ್ಲ. ಹಾಳೆ ತಿದ್ದದೆ ಹಾಗೆಯೇ ಕಡತ ಸೇರಿತ್ತು. ಅವನು ನಿಂತ ರೀತಿ ಉಳಿದಿದ್ದು ಅದೊಂದರಲ್ಲೇ. ಈಗ ಬಾಯಿ ಬಿಟ್ಟರೆ ಅದನ್ನೂ ತಿದ್ದಬೇಕು. ಬಿಡದಿದ್ದರೆ ಆಚೆ ದಡದವರಿಗೆ ಸೇತುವೆ ಇಲ್ಲ.

ಅವಳು ಹಳೆಯ ಹಾಳೆಯನ್ನು ಮಗುಚಿ ಹೊಸದರ ಮೇಲಿಟ್ಟಳು. ಕಡಿದಾದ ಬಂಡೆ, ಅದರ ಬುಡದ ಮಡು, ಆಚೆ ಗುಂಡುಕಲ್ಲುಗಳ ಇಳಿಜಾರು, ಗೆರೆಯ ಮೇಲೆ ಗೆರೆ ಕೂತಿತು. ಅವನ ಅಕ್ಷರಗಳಷ್ಟೇ ತಿರುವುಮುರುವು.

“ಹೊಳೆ ಇದ್ದಲ್ಲೇ ಇದೆ ಸಾರ್. ನಮ್ಮನೆಯವರು ತಿರುಗಿ ನಿಂತಿದ್ರು.”

ಇಂಜಿನಿಯರು ಎರಡೂ ಹಾಳೆಗಳನ್ನು ಜೋಡಿಸಿ ಬೆಳಕಿಗೆ ಹಿಡಿದು ನೋಡಿದರು. “ಸರಿ, ತಿದ್ದಿಬಿಡಮ್ಮ.”

ಬ್ಲೇಡಿನಿಂದ ಒಂದೊಂದೇ ಅಕ್ಷರ ಕೆರೆದಳು. ‘ಎಡ’ ಎಂಬಲ್ಲಿ ಕೈ ಸ್ವಲ್ಪ ಹೊತ್ತು ನಿಂತಿತು.

ಮರುವಾರ ಕಂಬದ ಜಾಗ ಗುರುತಿಸಲು ಹೋದಾಗ ಅವಳೂ ಜೊತೆಗಿದ್ದಳು. ಎಲ್ಲರೂ ನೀರು ಹೋಗುವ ಕಡೆ ಮುಖ ಮಾಡಿ ನಿಂತರು. ಅವಳು ತಿರುಗಿದಳು. ಬಂಡೆಯಿಂದ ಮಡುವಿಗೆ, ಮಡುವಿನಿಂದ ಬಂಡೆಗೆ, ಮೆಟ್ಟಿಲಿಳಿದಂತೆ ನೀರು ಬರುತ್ತಲೇ ಇತ್ತು.

“ಆ ಕಡೆ ಏನಮ್ಮ ಇದೆ?” ಇಂಜಿನಿಯರು ಕೂಗಿದರು.

“ಬಂದೆ ಸಾರ್,” ಎಂದಳು. ಕಾಲು ಕೀಳಲಿಲ್ಲ.