ನಾಲ್ಕನೆಯ ಸುರುಳಿ

“ಬಂತು!” ಎಂದು ಕೂಗಿದ ಮೇಲೆಯೇ ಅವನಿಗೆ ಹೊಳೆದದ್ದು, ಕೋಣೆಯಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲವೆಂದು. ಹಾಗಾಗಿ ಇನ್ನೊಂದು ಸಲ, ಇನ್ನೂ ಜೋರಾಗಿ ಕೂಗಿದ.

ಪರದೆಯ ಕಪ್ಪಿನಲ್ಲಿ ನಾಲ್ಕು ಸುರುಳಿಗಳು ಮೈಗೆ ಮೈ ತಾಗಿಸಿ ನಿಂತಿದ್ದವು. ಒಂದೊಂದರ ಸುತ್ತಲೂ ಎಕ್ಸ್‌ರೇ ಲೆಕ್ಕದಿಂದ ಮೂಡಿದ ನೀಲಿ ಬಲೆ, ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ. ಪ್ರಕೃತಿಯಲ್ಲಿ ಎಲ್ಲೂ ಇಲ್ಲದ ಪೆಪ್ಟೈಡ್ ಅದು, ಪ್ರೋಟೀನಿನಂಥದೇ ಪುಟ್ಟ ಸರಪಳಿ. ಯಾವ ಕೊಂಡಿಯ ಮುಂದೆ ಯಾವ ಕೊಂಡಿ ಬರಬೇಕೆಂದು ಇವನೇ ತಲೆ ಕೆಡಿಸಿಕೊಂಡು ಬರೆದು, ಯಂತ್ರದಲ್ಲಿ ಪೋಣಿಸಿದ್ದ. ಸರಪಳಿ ತಾನಾಗಿ ಸುರುಳಿ ಸುತ್ತಿಕೊಳ್ಳಬೇಕು. ಸುರುಳಿಯ ಒಂದು ಮಗ್ಗುಲು ಜಿಡ್ಡು, ಅದಕ್ಕೆ ನೀರೆಂದರೆ ಆಗದು. ಆ ಮಗ್ಗುಲನ್ನು ಒಳಗೆ ಮಾಡಿಕೊಂಡು ನಾಲ್ಕೂ ಒಂದನ್ನೊಂದು ಅವುಚಿಕೊಳ್ಳಬೇಕು. ಪ್ರೀತಿಯಿಂದಲ್ಲ, ಹೊರಗಿನದನ್ನು ತಾಳಲಾರದೆ. ಇಷ್ಟು ವರ್ಷ ಅವು ಇವನ ಮಾತು ಕೇಳಿರಲಿಲ್ಲ.

ಈ ಸಲವೂ ಕೈಕೊಟ್ಟರೆ ಪ್ರಯೋಗಾಲಯಕ್ಕೆ ಬೀಗ ಎಂದು ನಿರ್ದೇಶಕರು ನಗುನಗುತ್ತಲೇ ಹೇಳಿದ್ದರು. ಅವರಿಗೇ ಮೊದಲು ಫೋನ್ ಮಾಡಿದ. ಮಧ್ಯಾಹ್ನವೇ ಎಲ್ಲರನ್ನೂ ಸಭಾಂಗಣದಲ್ಲಿ ಸೇರಿಸುತ್ತೇನೆ ಎಂದರು. ಆಮೇಲೆ ಹೆಂಡತಿಗೆ. ಅವಳು ದಂತವೈದ್ಯೆ.

“ನಾಲ್ಕೂ ಸೇರ್ಕೊಂಡಿವೆ ಕಣೆ!”

“ಹೌದಾ! ಇರು, ಬಾಯಿ ತೆಕ್ಕೊಂಡು ಒಬ್ರು ಕೂತಿದಾರೆ. ಮುಗಿಸಿ ಬಂದೇಬಿಡ್ತೀನಿ.”

ಅವನು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕೂಗು ಕೇಳಿ ಪಕ್ಕದ ಕೋಣೆಯ ಸಹೋದ್ಯೋಗಿ ಬಂದ. ಬೆನ್ನ ಹಿಂದೆ ಎಲ್ಲರೂ ಅವನನ್ನು ಸಂಶಯಣ್ಣ ಎನ್ನುತ್ತಿದ್ದರು.

“ಯಾವ ಮಾದರಿ ಕೊಟ್ಟೆ ಇದಕ್ಕೆ?”

“ನಂದೇ.”

“ನಿಂದೇ?”

“ಮತ್ಯಾರದ್ದು ಕೊಡ್ಲಿ? ನನ್ನ ಪೆಪ್ಟೈಡು.”

“ಒಂದನ್ನ ತೆಗೆದು ನೋಡಿದ್ಯಾ?”

“ನೋಡ್ತೀನಿ ಬಿಡು.”

“ನೋಡು,” ಎಂದು ಸಂಶಯಣ್ಣ ಕೈಲಿದ್ದ ಕಾಫಿ ಲೋಟ ತೊಳೆಯಲು ಹೋದ.

ಪೆಪ್ಟೈಡನ್ನು ಹರಳುಗಟ್ಟಿಸಿ ಅದರೊಳಗೆ ಎಕ್ಸ್‌ರೇ ಹಾಯಿಸಿದರೆ ಸಿಗುವುದು ಅರ್ಧ ಸತ್ಯ ಮಾತ್ರ. ಉಳಿದರ್ಧವನ್ನು, ಒಳಗೆ ಹೀಗಿದ್ದೀತು ಎಂಬ ಮಾದರಿಯೊಂದರಿಂದ ಕಡ ತರಬೇಕು. ಮಾದರಿ ತಪ್ಪಾಗಿದ್ದರೂ ಚಿತ್ರ ಅದರ ಮುಲಾಜಿಗೆ ಬಿದ್ದು ಅದನ್ನೇ ತೋರಿಸುವುದುಂಟು. ಮಾದರಿಯಿಂದ ಒಂದು ಸುರುಳಿಯನ್ನು ಕಿತ್ತು ಮತ್ತೆ ಲೆಕ್ಕ ಹಾಕಿಸಿದರೆ ಗುಟ್ಟು ಬಯಲು. ಸುರುಳಿ ನಿಜಕ್ಕೂ ಅಲ್ಲಿದ್ದರೆ ಬರಿದಾದ ಜಾಗದಲ್ಲೂ ಬಲೆ ಮೂಡುತ್ತದೆ. ಇದನ್ನು ಹೊಸ ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಬರೆದು ಹೇಳಿಕೊಡುತ್ತಿದ್ದವನು ಇವನೇ. ಖುಷಿಯ ಭರದಲ್ಲಿ ಮರೆತಿದ್ದ. ಮರೆತದ್ದು ಖುಷಿಗೋ, ಬೇಕೆಂದೋ, ಅವನಿಗೂ ಗೊತ್ತಿರಲಿಲ್ಲ.

ನಾಲ್ಕನೆಯದನ್ನು ಕಿತ್ತ. ಮೂರರ ಸುತ್ತ ಬಲೆ ಉಳಿಯಿತು. ನಾಲ್ಕನೆಯದರ ಜಾಗದಲ್ಲಿ ಕಪ್ಪು.

ವಾಪಸ್ ಇಟ್ಟ. ಬಲೆ ವಿಧೇಯವಾಗಿ ಬಂದು ಅದನ್ನು ತಬ್ಬಿತು. ಕಿತ್ತ. ಹೋಯಿತು. ಇಟ್ಟ. ಬಂತು. ಎದೆ ಬೆಳಗಿನಂತೆಯೇ ಹಾರುತ್ತಿತ್ತು. ಸುದ್ದಿ ಇನ್ನೂ ಎದೆಗೆ ತಲುಪಿರಲಿಲ್ಲವೇನೋ. ಮತ್ತೆ ಕಿತ್ತ.

ಅಷ್ಟರಲ್ಲಿ ಹೆಂಡತಿ ಏದುಸಿರು ಬಿಡುತ್ತಾ ಒಳಬಂದಳು. ಮೈಯಿಂದ ಚಿಕಿತ್ಸಾಲಯದ ವಾಸನೆ ಇನ್ನೂ ಹೋಗಿರಲಿಲ್ಲ.

“ಇದೇನಾ?”

“ಇದೇ.”

“ಅಬ್ಬಾ! ಎಷ್ಟು ಚೆನ್ನಾಗಿದೆ!”

ಅವಳ ಕಣ್ಣು ತುಂಬಿ ಬಂತು. ಅದರಲ್ಲಿ ನಟನೆ ಇರಲಿಲ್ಲ. ಅವನು ಮನೆ ಆರಿಸಿದಾಗ, ಗೋಡೆಯ ಬಣ್ಣ ಹೇಳಿದಾಗ, ಮಕ್ಕಳು ಬೇಡವೆಂದು ತೀರ್ಮಾನಿಸಿದಾಗ, ಆಗೆಲ್ಲ ಅದು ಹೀಗೆಯೇ ತುಂಬಿತ್ತು. ಅವನಿಗೆ ಮೊದಲ ಬಾರಿಗೆ ಹೆದರಿಕೆಯಾಯಿತು.

“ನಾಲ್ಕೂ ಕಾಣ್ತವಾ ನಿಂಗೆ?”

“ಕಾಣ್ದೆ ಏನು?”

“ನಾಲ್ಕನೇದು ಎಲ್ಲಿದೆ, ತೋರ್ಸು.”

ಅವಳು ಪರದೆಯನ್ನಲ್ಲ, ಅವನ ಮುಖವನ್ನು ನೋಡಿದಳು. ಹೊರಗೆ ಸಭಾಂಗಣದ ಕಡೆಗೆ ಹೊರಟವರ ಮಾತು, ನಗು. ಯಾರೋ ಬಾಗಿಲು ತಟ್ಟಿ, “ಎಲ್ಲಾ ಕಾಯ್ತಿದಾರೆ, ಬನ್ನಿ ಸಾರ್,” ಎಂದರು.

“ಬಂದೆ,” ಎಂದ, ಕದಲದೆ.

ಅವಳು ಬಗ್ಗಿ, ಕಪ್ಪು ಜಾಗದ ಮೇಲೆ ಬೆರಳಿಟ್ಟಳು.

“ಇಲ್ಲಿಂದ ಶುರು, ಅಲ್ವಾ?”

“ಹೂಂ.”

ಏನೂ ಇಲ್ಲದಲ್ಲಿ ಅವಳ ಬೆರಳು ಸುತ್ತು ಸುತ್ತಾಗಿ ಮೇಲಕ್ಕೇರತೊಡಗಿತು, ಒಂದು ಸುತ್ತೂ ತಪ್ಪದೆ. ಪರದೆಯ ಅಂಚು ಬಂತು. ಅವನ ಮುಖದಿಂದ ಕಣ್ಣು ಕೀಳದೆ ಅವಳು ಗಾಳಿಯಲ್ಲೂ ಸುತ್ತುತ್ತಲೇ ಹೋದಳು.